ಅರ್ಥಮಾಡಿಕೊಂಡು ಸುಮ್ಮನಾದ ಮಾದರಿ ಪ್ರೋಗ್ರಾಮಿಗೆ

ಪ್ರಶ್ನೆಗಳನ್ನು ಬಿಡಿಸಿ ಅರ್ಥಮಾಡಿಕೊಳ್ಳುವ ಮಾದರಿ ಪ್ರೋಗ್ರಾಂ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಬೆಳಗುತ್ತಿರುವ ತಮಗೆ ಈ ಗ್ರಂಥಾಲಯದ ಪುಸ್ತಕಪಟ್ಟಿ ಗುಮಾಸ್ತೆಯ ನಮಸ್ಕಾರಗಳು. ತಮ್ಮನ್ನು ಕಂಪ್ಯೂಟರಿನಲ್ಲಿ ಕಟ್ಟಿ ಓಡಿಸಲು ಒಂದೇ ಸಾಲಿನ ಆಜ್ಞೆ ಸಾಕೆಂದು ಸೂಚನಾಪುಟದಲ್ಲಿತ್ತು. ಆ ಒಂದು ಸಾಲಿಗೆ ನನಗೆ ಎರಡು ದಿನ ಹಿಡಿಯಿತು, ಏಕೆಂದರೆ ಪ್ರತಿ ಸಲವೂ ತಾವು ಇನ್ಯಾವುದೋ ಕಡತ ಇಲ್ಲವೆಂದು ಮುನಿಸಿಕೊಂಡು ಅರ್ಧಕ್ಕೇ ನಿಂತಿರಿ. ಬೀಗರಿಗೂ ನಾನು ಇಷ್ಟು ಉಪಚಾರ ಮಾಡಿದವಳಲ್ಲ.

ಕೊನೆಗೂ ಓಡಿದಿರಿ. ಮೇಲಧಿಕಾರಿಗಳ ಮುಂದೆ ನಾನು ಕೀಲಿಮಣೆಯಲ್ಲಿ ಒತ್ತಿದ ಪ್ರಶ್ನೆಯನ್ನು ಪದಪದವಾಗಿ ಬಿಡಿಸಿ, ಆವರಣ ಹಾಕಿ, 'ಪ್ರಶ್ನೆ ಸರಿಯಾಗಿದೆ' ಎಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಇನ್ನು ಪುಸ್ತಕ ಹುಡುಕಿಕೊಡಲು ತಾವಿದ್ದೀರೆಂದು, ಪ್ರತಿ ಪುಸ್ತಕದ ಜಾಗ ಬರೆದಿಟ್ಟ ನಮ್ಮ ಕಾರ್ಡುಗಳ ಬೀರುವನ್ನು ಅಂದೇ, ಕೊಯ್ದು ತಮ್ಮ ಕಂಪ್ಯೂಟರಿಗೆ ಮೇಜು ಮಾಡಿಸಲೆಂದು, ಬಡಗಿಯ ಅಂಗಡಿಗೆ ಸಾಗಿಸಲಾಯಿತು. ತಾವು ಪ್ರಶ್ನೆಯನ್ನು ಬಿಡಿಸುವಿರೇ ಹೊರತು ಪುಸ್ತಕ ಹುಡುಕುವುದಿಲ್ಲವೆಂದು ಸೂಚನೆಯ ಕೊನೆಯ ಪ್ಯಾರಾದಲ್ಲಿತ್ತಂತೆ. ಇಪ್ಪತ್ತೆರಡು ವರ್ಷಗಳಿಂದ ಶೀರ್ಷಿಕೆಪುಟವನ್ನಷ್ಟೇ ನೋಡಿ ಪುಸ್ತಕಗಳನ್ನು ಪಟ್ಟಿಗೆ ಸೇರಿಸುತ್ತಿರುವ ನಾನು ಕೊನೆಯ ಪ್ಯಾರಾದವರೆಗೆ ಹೋಗುವ ಪೈಕಿಯವಳಲ್ಲ.

ಮರುದಿನ ಅದೇ ಬಡಗಿ ಊಟದ ಬಿಡುವಿನಲ್ಲಿ ಬಂದರು. ಏಳು ವರ್ಷದ ಮಗಳಿಗೆ ಕಿವಿ ಕೇಳಿಸುವುದು ನಿಲ್ಲುತ್ತಾ ಬಂದಿದೆ, ಕೈಸನ್ನೆಯಲ್ಲಿ ಮಾತಾಡಲು ಕಲಿಸುವ ಪುಸ್ತಕ ಬೇಕಿತ್ತು. ನೃತ್ಯದ ಮುದ್ರೆಗಳ ಪುಸ್ತಕ ನಡುವೆ ಬರದಿರಲೆಂದು 'ಕಿವುಡು ಮತ್ತು ಸನ್ನೆ, ನೃತ್ಯ ಬೇಡ' ಎಂದು ಒತ್ತಿದೆ. ಎರಡು ಪದ ಕೂಡಿವೆ, ಒಂದು ಹೊರಗಿದೆ, ಪ್ರಶ್ನೆ ಸರಿಯಾಗಿದೆ ಎಂದಿರಿ. ಮೂರು ದಿನ ಅವರು ಅಂಗಿಯ ಮರದ ಪುಡಿ ಕೊಡವಿಕೊಂಡು ಬಂದು 'ಸಿಕ್ತಾ ಅಕ್ಕ?' ಎಂದರು, ಮೂರು ದಿನವೂ ತಾವು ಅಷ್ಟೇ ಚೆನ್ನಾಗಿ ಅರ್ಥಮಾಡಿಕೊಂಡಿರಿ. ಇಷ್ಟು ಅರ್ಥಮಾಡಿಕೊಂಡೂ ಇಷ್ಟು ಸುಮ್ಮನಿರುವವರನ್ನು ನಾನು ಮೇಲಧಿಕಾರಿಗಳಲ್ಲಿ ಮಾತ್ರ ಕಂಡಿದ್ದೆ. ಆ ತಂದೆಯ ಮುಖ ನೋಡಲು ನನಗೆ ನಾಚಿಕೆಯಾಯಿತು.

ಆದ್ದರಿಂದ ತಾವು ದಯಮಾಡಿ ಒಂದು ದಿನ ಎದ್ದು, ಏಣಿ ಹತ್ತಿ, ಮೂವತ್ತು ಸಾವಿರ ಪುಸ್ತಕಗಳ ಧೂಳು ಕುಡಿದು, ಬರಿಗೈಯಲ್ಲಿ ಇಳಿದು, ಅವರಿಗೆ ತಾವೇ ಖುದ್ದಾಗಿ 'ಪ್ರಶ್ನೆ ಸರಿಯಾಗಿದೆ' ಎಂದು ಹೇಳಿ ಬರಬೇಕಾಗಿ ಕೋರಿಕೆ.

ತಮ್ಮನ್ನು ಮತ್ತೊಮ್ಮೆ ಕಟ್ಟುವ ಧೈರ್ಯವಿಲ್ಲದ,
ತಮ್ಮ ವಿಶ್ವಾಸಿ,
ಪುಸ್ತಕಪಟ್ಟಿ ಗುಮಾಸ್ತೆ

ಮರೆತ ಮಾತು: ನಿನ್ನೆ ಸಂಜೆ ಬಡಗಿಯ ಅಂಗಡಿಗೇ ಹೋದೆ. ಬೀರುವಿಗೆ ಇನ್ನೂ ಗರಗಸ ತಾಗಿರಲಿಲ್ಲ. ಇಬ್ಬರೂ ನೆಲದ ಮೇಲೆ ಕುಳಿತು ಡ್ರಾಯರುಗಳನ್ನು ಎಳೆದೆವು. ನನ್ನದೇ ಕೈಬರಹದ ಕಾರ್ಡು ಸಿಕ್ಕಿತು, ಇಂದು ಬೆಳಿಗ್ಗೆ ಪುಸ್ತಕವೂ ಸಿಕ್ಕಿತು. ಬಡಗಿಯ ಮಗಳು ಮೊದಲ ಪುಟ ನೋಡಿ ನನಗೆ ಕೈಯಲ್ಲೇ ಏನೋ ಹೇಳಿದಳು. ನನಗೆ ಅರ್ಥವಾಗಲಿಲ್ಲ, ಆದರೂ ಕೈಯಲ್ಲೇ ಉತ್ತರ ಕೊಟ್ಟೆ. ಬೀರು ನಾಳೆ ವಾಪಸು ಬರುತ್ತಿದೆ, ಹಾಗಾಗಿ ತಮ್ಮ ಮೇಜು ಆಗುವುದಿಲ್ಲ. ಅರ್ಥಮಾಡಿಕೊಳ್ಳುವ ಕೆಲಸವನ್ನು ಇನ್ನು ನಿಂತುಕೊಂಡೇ ಮುಂದುವರಿಸಬೇಕಾಗಿ ವಿನಂತಿ.