ಎಂ.ಎ. ಫೀಗೆ ರೊಕ್ಕ ಹೊಂದಿಸಿದವರು

ಫೀ ಕಟ್ಟುವ ದಿನ ಹತ್ತಿರ ಬಂತೆಂದರೆ ಮನೆಯಲ್ಲಿ ಏನಾದರೊಂದು ಫಜೀತಿ ಆಗಲೇಬೇಕು. ಆಗೂ ಆಗುತ್ತಿತ್ತು, ಈಗೂ ಆಗುತ್ತದೆ. ಮೊನ್ನೆ ನನ್ನ ಮಗಳು ಮೊಬೈಲಿನ ಮೇಲೆ ಬೆರಳಾಡಿಸಿ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕುತ್ತ, "ನಿಂದೇನವ್ವ, ನಿಮ್ಮ ಕಾಲಕ್ಕ ಫೀ ಕಡಿಮಿ ಇತ್ತು" ಅಂದಳು. ಖರೆ, ಕಡಿಮೆ ಇತ್ತು. ನಮ್ಮ ಹತ್ತಿರ ಇದ್ದದ್ದು ಅದಕ್ಕಿಂತ ಕಡಿಮೆ.

ಅಪ್ಪನದು ಬೈಲಹೊಂಗಲದ ಬಜಾರಿನಲ್ಲಿ ಅರಿವೆ ಅಂಗಡಿ. ತೊಂಬತ್ತರ ದಶಕದ ಕೊನೆಗೆ ನಾನು ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ.ಗೆ ಸೇರಿದ ವರ್ಷವೇ ನಮ್ಮ ಅಂಗಡಿಯ ಎದುರಿಗೆ ಇನ್ನೊಂದು ದೊಡ್ಡ ಅರಿವೆ ಅಂಗಡಿ ಶುರುವಾಯಿತು. ಅಲ್ಲಿ ಕೂಡಲು ಬಿಳಿ ಗಾದಿ, ಗಿರಾಕಿಗಳಿಗೆ ಚಹಾ. ಅಪ್ಪ ಮೊದಲ ವರ್ಷದ ಫೀ ಕಟ್ಟಿ ಬಂದು, "ಇದಿಷ್ಟು ನನ್ನ ಕೈಲೆ ಆತು. ಎರಡನೇ ವರ್ಷದ್ದು ಎಲ್ಲಿಂದರ ಹೊಂದಿದ್ರ ಕಲಿ. ಇಲ್ಲಾಂದ್ರ ಬಂದು ಅಂಗಡ್ಯಾಗ ಸೀರಿ ಮಡಚು" ಅಂದ.

ಸೀರೆ ಮಡಚುವುದರಲ್ಲಿ ನಾನು ಎಷ್ಟು ದಡ್ಡಿ ಅಂದರೆ, ಕಲಿಯುವುದೊಂದೇ ದಾರಿ ಉಳಿದಿತ್ತು.

ಸತ್ಕಾರ

ಮೊದಲು ಬಂದದ್ದು ಸ್ಕಾಲರ್‌ಶಿಪ್. ನಮ್ಮ ಸಮಾಜದ ಹಿರಿಯರು ಜಾಣ ಹುಡುಗರಿಗೆ ಕಿತ್ತೂರಿನಲ್ಲಿ ಸ್ಟೇಜ್ ಹಾಕಿ ಲಕೋಟೆ ಕೊಡುತ್ತಿದ್ದರು. ನನ್ನ ಹೆಸರು ಬಂತೆಂಬ ಸುದ್ದಿ ಸಂಜೆಯೊಳಗೆ ಓಣಿ ದಾಟಿತು.

ಬಸ್ಸಿನಲ್ಲಿ ಹೋಗಿ ಬಂದರೆ ಮುಗಿದಿತ್ತು. ಆದರೆ ಅವ್ವ, "ಹುಡುಗಿ ಸ್ಟೇಜ್ ಹತ್ತೂದು ನಮ್ಮ ಮನಿತನದಾಗ ಇದೇ ಮೊದಲು. ಅತ್ತೆ-ಮಾವನ ಬಿಟ್ಟು ಹೆಂಗ ಹೋಗೂದು?" ಅಂದಳು. ಅವರು ಬಂದರೆ ಸೋದರತ್ತೆ ಬರಬೇಕು. ಸೋದರತ್ತೆಯನ್ನು ಕರೆದು ತನ್ನನ್ನು ಬಿಟ್ಟರೆ ಅಜ್ಜನ ತಂಗಿಗೆ ಸಿಟ್ಟು. ಕೊನೆಗೊಂದು ಟೆಂಪೊ ಹೇಳಿದರು. ದೇಗಾಂವದ ಚಿಗವ್ವ ದಾರಿಯಲ್ಲೇ ನಿಂತು ಕೈ ಮಾಡಿ ಹತ್ತಿದಳು, ಜೊತೆಗೆ ನಾಲ್ಕು ಹುಡುಗರು. ನನಗೊಂದು ಹೊಸ ಸೀರೆ, ಹಾರ ಹಾಕಿದವರಿಗೆ ತಿರುಗಿ ಹಾಕಲು ಹಾರ, ಬರುವಾಗ ಎಲ್ಲರಿಗೂ ಖಾನಾವಳಿ ಊಟ, ಓಣಿಗೆ ಹಂಚಲು ಪೇಢೆ.

ರಾತ್ರಿ ಅಪ್ಪ ಲಕೋಟೆಯೊಳಗಿನದನ್ನು ಟೆಂಪೊದವನಿಗೆ ಕೊಟ್ಟು, ಮೇಲೆ ತನ್ನ ಕಿಸೆಯಿಂದಲೂ ಕೊಟ್ಟು, ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿದ.

"ಜಾಣಿ ಇದ್ದೀ, ಇಲ್ಲ ಅನ್ನೂದಿಲ್ಲ" ಅಂದ. "ಖರೆ ಹಿಂಗ ಇನ್ನೊಂದೆರಡು ಸ್ಕಾಲರ್‌ಶಿಪ್ ಬಂದ್ರ ಅಂಗಡಿ ಮಾರಬೇಕಾಗತೈತಿ."

ಬುತ್ತಿ

ಊಟದ ಖರ್ಚು ಉಳಿಸಿದ್ದು ಬಸ್ಸು. ನಮ್ಮ ಕಡೆಯ ಎಷ್ಟೋ ಹುಡುಗರು ಧಾರವಾಡದಲ್ಲಿ ಕಲಿತದ್ದು ಊರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಬುತ್ತಿಯ ಮೇಲೆಯೇ. ಅವ್ವ ಬೆಳಿಗ್ಗೆ ರೊಟ್ಟಿ-ಪಲ್ಯದ ಡಬ್ಬಿಯನ್ನು ಅರಿವೆಯಲ್ಲಿ ಕಟ್ಟಿ ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ನಾನು ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡು, ಹಿಂದಿನ ದಿನದ ಖಾಲಿ ಡಬ್ಬಿ ಕೊಡುತ್ತಿದ್ದೆ. ನನ್ನ ಖೋಲಿಯ ಗೆಳತಿ ರಾಮದುರ್ಗ ತಾಲೂಕಿನ ಕಟಕೋಳದವಳು. ಆಕೆಯ ಬುತ್ತಿ ಮಧ್ಯಾಹ್ನದ ಬಸ್ಸಿಗೆ. ನನ್ನದು ಹಗಲಿಗೆ, ಆಕೆಯದು ರಾತ್ರಿಗೆ. ಎರಡು ತಾಲೂಕು ಕೂಡಿ ನಮ್ಮನ್ನು ಸಾಕಿದವು. ಆ ಕಟಕೋಳದ ಗುರೆಳ್ಳು ಚಟ್ನಿಯ ರುಚಿ ಆಮೇಲೆ ನನಗೆ ಎಲ್ಲೂ ಸಿಕ್ಕಿಲ್ಲ.

ಮೊದಲೆಲ್ಲ ದಿನಾ ಬದನೆಕಾಯಿ ಬರುತ್ತಿತ್ತು. ಒಂದು ವಾರ ಇದ್ದಕ್ಕಿದ್ದಂತೆ ಶೇಂಗಾ ಹೋಳಿಗೆ ಬರಹತ್ತಿದವು. ಮರುವಾರ ಕರ್ಚಿಕಾಯಿ. ಅವ್ವನಿಗೆ ಇಷ್ಟು ಅಕ್ಕರೆ ಯಾಕೆ ಉಕ್ಕಿತೆಂದು ತಿಳಿಯಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಕೇಳಿದೆ.

"ನೀನ ಹೇಳಿ ಕಳಿಸಿದ್ದೆಲ್ಲ" ಅಂದಳು. "ನಿಮ್ಮ ಹುಡುಗಿಗೆ ಬದನಿಕಾಯಿ ಸಾಕಾಗೇತ್ರಿ, ಒಂದೀಟು ಸಿಹಿ ಕಳಿಸ್ರಿ, ಓದಿ ಓದಿ ಸೊರಗ್ಯಾರ ಅಂತ ಕಂಡಕ್ಟರ ಹೇಳಿದಾ. ಒಂದ್ ಡಜನ್ ಹೋಳಿಗಿ ಸಾಲತಿದ್ದುವಿಲ್ಲೋ?"

ನನಗೆ ಮುಟ್ಟುತ್ತಿದ್ದವು ಎಂಟು.

ತಿರುಗಿ ಹೋಗುವಾಗ ಕಂಡಕ್ಟರನನ್ನು ಹಿಡಿದು ಕೇಳಿದೆ. ಆತ ನಾಚಲಿಲ್ಲ. "ಹೊತ್ತು ತರೂ ಕೈಗೆ ವಾಸನಿ ಬಡೀತೈತ್ರಿ ಅಕ್ಕಾರ, ಏನ್ ಮಾಡ್ಲಿ?" ಅಂದ. ಟಿಕೀಟು ಹರಿಯುತ್ತ, ಮನಸ್ಸಿನಿಂದಲೇ ಹೇಳಿದ: "ನಂದೊಂದು ಮಾತು ಕೇಳ್ರಿ. ಎಂ.ಎ. ಮುಗೀತಂತ ಬಿಡಬ್ಯಾಡ್ರಿ. ಪಿಎಚ್.ಡಿ. ಮಾಡ್ರಿ."

ಜಾಮೀನು

ಹೊಟ್ಟೆಯ ಚಿಂತೆ ಹೀಗೆ ಕಳೆಯಿತು. ಎರಡನೇ ವರ್ಷದ ಫೀ ಉಳಿಯಿತು. ಬ್ಯಾಂಕಿನವರು ಸಾಲ ಕೊಡುತ್ತೇವೆ, ಆದರೆ ಕುಳ ಗಟ್ಟಿ ಇರುವ ಜಾಮೀನುದಾರರು ಬೇಕು ಅಂದರು. ನಮ್ಮಲ್ಲಿ ಗಟ್ಟಿ ಕುಳ ಅಂದರೆ ಸವದತ್ತಿಯಲ್ಲಿ ಬೆಲ್ಲದ ವ್ಯಾಪಾರ ಮಾಡುವ ಕಾಕಾ ಒಬ್ಬರೇ. ಯುಗಾದಿಗೆ ತಿಂಗಳಿದ್ದಾಗ ಅಪ್ಪನ ಜೊತೆ ಹೋದೆ.

ಕಾಕಾ ಬೆಲ್ಲದ ಪೆಂಟೆಗಳ ನಡುವೆ ಕೂತಿದ್ದರು. "ಸಹಿ ಮಾಡೋಣಂತ. ಮೊದಲ ಹೇಳು, ಏನ್ ಕಲಿಯಾಕಹತ್ತಿ?"

"ಅರ್ಥಶಾಸ್ತ್ರ."

"ಹಂಗಂದ್ರ ರೇಟಿಂದು ಗೊತ್ತಿರಬೇಕಲ್ಲ. ಹಬ್ಬಕ್ಕ ಬೆಲ್ಲ ಏರತೈತೋ ಇಳಿತೈತೋ?"

ನಾನು ಸೆಟೆದು ಕೂತೆ. ಹಬ್ಬಕ್ಕೆ ಬೇಡಿಕೆ ಹೆಚ್ಚು, ಬೇಡಿಕೆ ಹೆಚ್ಚಾದರೆ ಬೆಲೆ ಏರಲೇಬೇಕು ಎಂದು, ಗಾಳಿಯಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ಕಾಕಾ ತಲೆದೂಗಿದರು. ಅಪ್ಪ ನನ್ನನ್ನು ಅಷ್ಟು ಹೆಮ್ಮೆಯಿಂದ ನೋಡಿದ್ದು ಅದೇ ಮೊದಲು.

"ಹಬ್ಬ ಆದಮ್ಯಾಲೆ ಬರ್ರಿ" ಅಂದರು ಕಾಕಾ.

ಹಬ್ಬ ಆದಮೇಲೆ ಹೋದೆವು. ಅವರ ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಪೆಂಟೆಗಳು ಮಾಳಿಗೆ ಮುಟ್ಟಿದ್ದವು. ಬೆಲ್ಲ ಏರುತ್ತದೆ ಎಂದು ಊರಿನ ಉಳಿದ ವ್ಯಾಪಾರಿಗಳೂ ತರಿಸಿಟ್ಟಿದ್ದರಂತೆ, ರೇಟು ದಬಕ್ಕನೆ ಕುಸಿದಿತ್ತು. ಕಾಕಾ ನಮಗೆ ಚಹಾ ಕೊಟ್ಟರು, ಬೆಲ್ಲದ್ದೇ. ಜಾಮೀನಿನ ಮಾತು ಅಪ್ಪ ಎತ್ತುತ್ತಲೇ ಕೈ ಮುಗಿದರು.

"ಒಂದ ವರ್ಷ ಕಲಿತದ್ದಕ್ಕ ನನಗ ಇಷ್ಟು ಲುಕ್ಸಾನ ಆತು ಅಣ್ಣಾ. ಎರಡನೇ ವರ್ಷನೂ ಕಲಿತಳಂದ್ರ ನಾ ಎಲ್ಲಿಗೆ ಹೋಗ್ಲಿ?"

ಭಿಶಿ

ಜುಲೈ ಬಂತು. ನಾಳೆ ಫೀಗೆ ಕೊನೆಯ ದಿನ ಅನ್ನುವ ತನಕ ಬಂತು. ಅಪ್ಪ ಅಂಗಡಿಯಲ್ಲಿ ನನಗೊಂದು ಮೂಲೆ ಖಾಲಿ ಮಾಡಿಸಿದ್ದ. ಉಳಿದದ್ದು ಅವ್ವನ ಭಿಶಿ ಒಂದೇ.

ಓಣಿಯ ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಕೂಡಿ ರೊಕ್ಕ ಹಾಕುತ್ತಿದ್ದರು. ಹೆಸರಿನ ಚೀಟಿಗಳನ್ನು ತಂಬಿಗೆಯಲ್ಲಿ ಹಾಕಿ ಒಂದನ್ನು ಎತ್ತುವುದು, ಬಂದವಳಿಗೆ ಆ ತಿಂಗಳ ಪೂರ್ತಿ ರೊಕ್ಕ. ಚೀಟಿ ಎತ್ತುತ್ತಿದ್ದವಳು ಓಣಿಗೆಲ್ಲ ಹಿರಿಯಳಾದ ಆಯಿ. ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಏನೂ ಕಾಣದ್ದಕ್ಕೆ ಮೋಸ ಇಲ್ಲವೆಂದು ಎಲ್ಲರೂ ಕೂಡಿ ಆಕೆಯನ್ನೇ ಆರಿಸಿದ್ದರು.

ಚೀಟಿ ಎತ್ತುವ ಹಿಂದಿನ ದಿನ ಅವ್ವ ಒಂದು ಬಟ್ಟಲು ಹುಗ್ಗಿ ಒಯ್ದು ಆಯಿಯ ಕಿವಿಯಲ್ಲಿ ಹೇಳಿ ಬಂದಿದ್ದಳು: "ನನ್ನ ಚೀಟಿಗೆ ಇಂಗು ಹಚ್ಚಿರತೇನ್ರಿ ಆಯಿ. ಹುಡುಗಿ ಫೀ ಕಟ್ಟಬೇಕು." ನನಗೆ ದಾರಿಯಲ್ಲಿ ಇದನ್ನು ಹೇಳಿದಾಗ ನಾನು ತಿರುಗಿ ಮನೆಯ ಕಡೆ ಹೊರಟೆ. ಅವ್ವ ರಟ್ಟೆ ಹಿಡಿದು ಕರೆದೊಯ್ದಳು.

ಆ ತಿಂಗಳ ಭಿಶಿ ನಮ್ಮ ಓಣಿಯ ಮೂಲಿಮನಿ ಅಕ್ಕಾನ ಪಡಸಾಲೆಯಲ್ಲಿ. ಚೂಡಾ ಮುಗಿಯಿತು, ಚಹಾ ಮುಗಿಯಿತು. ಆಯಿ ತಂಬಿಗೆಯಲ್ಲಿ ಕೈ ಹಾಕಿದಳು, ತೆಗೆದಳು, ಬೆರಳು ಮೂಸಿ ನೋಡಿದಳು. ಮತ್ತೆ ಕೈ ಹಾಕಿದಳು. ಮುಖ ಗಂಟಾಯಿತು.

"ಏನವ್ವ ಇದು, ಎಲ್ಲಾ ಕೂಡಿ ಮಸಾಲಿ ಆಗೇತಿ. ಇಂಗು ಸಿಗವಲ್ತು" ಅಂದಳು, ಎಲ್ಲರಿಗೂ ಕೇಳುವ ಹಾಗೆ.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಯಿ ತಂಬಿಗೆಯನ್ನು ಉಡಿಯಲ್ಲಿ ಬೋರಲು ಹಾಕಿ, ಒಂದೊಂದೇ ಚೀಟಿಯನ್ನು ಮೂಗಿಗೆ ಹಿಡಿಯತೊಡಗಿದಳು.

"ಇದು ಲವಂಗ. ಸೊಸಿ ಬಾಣಂತನಕ್ಕ ಅಂದಿದ್ದಿ. ಆಕಿಗಿನ್ನೂ ಮೂರ ತಿಂಗಳ. ತಡಿ." ಬದಿಗಿಟ್ಟಳು. "ಇದು ಕರ್ಪೂರ. ಮಗನ ಲಗ್ನ ದೀಪಾವಳಿ ಆದಮ್ಯಾಲೆ, ಈಗ್ಯಾಕ ಅವಸರ? ಇದು ಬಳ್ಳೊಳ್ಳಿ. ಬಳೆ ಮುರಿಸಿ ಪಾಟ್ಲಿ ಮಾಡಿಸ್ಬೇಕಂತ. ನಿಂದು ಎಲ್ಲಾರಕಿಂತ ಕಡೀಕ." ಪಡಸಾಲೆಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. "ಹಾಂ, ಇಂಗು. ಹುಡುಗಿ ಫೀ ನಾಳೆ ಐತಿ. ತಗೋರಿ, ಹೆಸರು ಓದ್ರಿ."

ಮೂಲಿಮನಿ ಅಕ್ಕಾ ಹಿಂದಿನ ತಿಂಗಳೇ ತಮ್ಮ ಪಾಳಿಯ ರೊಕ್ಕ ಎತ್ತಿ ಮುಗಿಸಿದ್ದರು. ಧೈರ್ಯದಿಂದ ಎದ್ದು ನಿಂತರು. "ಹಿಂಗ ಮೂಸಿ ನೋಡಿ ಎತ್ತೂದು ಮೋಸ ಅಲ್ಲೇನ್ರಿ ಆಯಿ?"

"ಮೋಸನ ಐತಿ" ಅಂದಳು ಆಯಿ. "ಹೋದ ತಿಂಗಳ ನಿನ್ನ ಅತ್ತರದ ವಾಸನಿ ಹೋಗಲಿ ಅಂತ ಕಡ್ಲಿಹಿಟ್ಟು ಹಚ್ಚಿ ಹಚ್ಚಿ ಕೈ ತೊಳದೇನಿ. ಆವಾಗ್ಯಾಕ ಎದ್ದು ನಿಂದರಲಿಲ್ಲ?"

ಮೊದಲು ನಕ್ಕವಳು ಬಳ್ಳೊಳ್ಳಿಯಾಕೆ. ಆಮೇಲೆ ಪಡಸಾಲೆಗೆ ಪಡಸಾಲೆಯೇ ನಕ್ಕಿತು, ಮೂಲಿಮನಿ ಅಕ್ಕಾನೂ.

ಮರುದಿನ ಫೀ ಕಟ್ಟಿದೆ. ಭಿಶಿ ಆಮೇಲೂ ಬಹಳ ವರ್ಷ ಆಯಿಯ ಕೈಯಲ್ಲೇ ನಡೆಯಿತು, ಯಾರೂ ತಕರಾರು ಮಾಡಲಿಲ್ಲ. ಆಯಿಗೆ ನೆಗಡಿ ಆದ ತಿಂಗಳು ಮಾತ್ರ ಚೀಟಿ ಎತ್ತುವುದನ್ನು ಮುಂದಕ್ಕೆ ಹಾಕುತ್ತಿದ್ದರು.