ದಾರದಂತೆ ಇಳಿಯುವ ನೀರು

ಚಿಂತೆ ಮಾಡುವ ಸ್ವಭಾವದವರಿಗೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ನನಗಂತೂ ಅಡುಗೆಮನೆಯ ಗೋಡೆಗೆ ತೂಗುಹಾಕಿದ ನೀರಿನ ಫಿಲ್ಟರೇ ಸಾಕಾಯಿತು. ಬೇಸಿಗೆ ಶುರುವಾಗುವ ಹೊತ್ತಿಗೆ ಅದರಿಂದ ನೀರು ದಾರದಂತೆ ಇಳಿಯತೊಡಗಿತ್ತು. ಒಂದು ತಂಬಿಗೆ ತುಂಬುವಷ್ಟರಲ್ಲಿ ನನ್ನ ಹೆಂಡತಿ ಶೈಲಾ ಮನೆಮಂದಿಗೆಲ್ಲ ರೊಟ್ಟಿ ಬಡಿದು ಮುಗಿಸುತ್ತಿದ್ದಳು. ಸರಿಯಾಗಿ ಅದೇ ಸಮಯಕ್ಕೆ ಅವ್ವನ ಕಿಡ್ನಿಯಲ್ಲಿ ಹರಳು ಕಾಣಿಸಿತು. ಹುಮನಾಬಾದಿನ ಡಾಕ್ಟರು ಸ್ಕ್ಯಾನ್ ನೋಡಿ, "ಸಣ್ಣದದ. ಹೊಟ್ಟಿ ತುಂಬ ನೀರು ಕುಡಸ್ರಿ, ಬಿದ್ದು ಹೋಗ್ತದ. ಇಲ್ಲಾಂದ್ರ ಆಪರೇಶನ್ ಮಾಡಬೇಕಾಗ್ತದ" ಎಂದರು. ಆಪರೇಶನ್ ಎಂದೊಡನೆ ಅವ್ವ ನನ್ನ ಕೈ ಹಿಡಿದುಕೊಂಡಳು. ನಾನು ಡಾಕ್ಟರ ಮೇಜು ಹಿಡಿದುಕೊಂಡೆ.

ಬಸವಕಲ್ಯಾಣದ ನಮ್ಮ ಮನೆಯ ಬೋರಿನ ನೀರು ಪಾತ್ರೆಗೆಲ್ಲ ಬಿಳಿ ಪೊರೆ ಕಟ್ಟುವಂಥದ್ದು. ಕ್ಯಾನಿನ ನೀರು ತರಿಸೋಣವೆಂದರೆ, ಎಲ್ಲಿ ತುಂಬಿದ್ದೋ ಎಂಬ ಇನ್ನೊಂದು ಅನುಮಾನ. ಹಾಗಾಗಿ ಫಿಲ್ಟರಿನ ನೀರಷ್ಟೂ ಅವ್ವನಿಗೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರ. ವಿಭಕ್ತಿ ಪ್ರತ್ಯಯಗಳ ನಡುವೆಯೇ ವರಾಂಡಕ್ಕೆ ಹೋಗಿ ಶೈಲಾಗೆ ಫೋನ್ ಮಾಡುತ್ತಿದ್ದೆ.

"ತಂಬಿಗಿ ತುಂಬ್ತೇನು?"

"ತುಂಬಾಕತ್ತದರಿ. ನೀವು ಕೇಳಿದ್ರ ಜಲ್ದಿ ಬರ್ತದೇನು?"

ಮನೆಗೆ ಯಾರಾದರೂ ಬಂದರೆ ಮೊದಲು ಅವ್ವನ ತಂಬಿಗೆಯತ್ತ ನೋಡುತ್ತಿದ್ದೆ. ಒಂದು ಮಧ್ಯಾಹ್ನ ಕೊಹಿನೂರ ಎಂಬ ಹಳ್ಳಿಯಿಂದ ಅವ್ವನ ತಂಗಿ ಬಿಸಿಲಲ್ಲಿ ಬಂದು ಕೂತಳು. ನಾನು ಅವಸರದಿಂದ, "ಚಹಾ ಮಾಡಸ್ಲೇನ ಚಿಗವ್ವ?" ಎಂದೆ. "ಮೊದಲ ನೀರರ ಕೊಡೋ ಮಾರಾಯ" ಎಂದಳು. ಅವ್ವ ತನ್ನ ತಂಬಿಗೆಯನ್ನೇ ಎತ್ತಿ ಕೊಟ್ಟುಬಿಟ್ಟಳು. ಚಿಗವ್ವ ಗಟಗಟ ಕುಡಿಯುತ್ತಿದ್ದರೆ, ಅವ್ವನ ಹರಳು ಅಲ್ಲಿಯೇ ಕೂತು ದೊಡ್ಡದಾಗುತ್ತಿದೆಯೇನೋ ಎನ್ನಿಸಿತು.

ರವಿವಾರ ನಾನೇ ಕೈಹಾಕಿದೆ. ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಹೊರಗಿನ ಡಬ್ಬಿ ಬಿಚ್ಚಿದೆ. ಒಳಗೆ ಕೆಸರು ಸೋಸುವ ಬಿಳಿ ಕ್ಯಾಂಡಲ್ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಹೊಸದು ಹಾಕಿ ಹೆಮ್ಮೆಯಿಂದ ಸ್ವಿಚ್ ಒತ್ತಿದೆ. ಸರಿಯಾಗಿ ಕೂರದ ಪೈಪು ಕಿತ್ತು ಬಂದು ಅಡುಗೆಮನೆ ತುಂಬ ನೀರಾಯಿತು. "ಈಗ ನೋಡ್ರಿ ಜೋರ್ ಬಂತು" ಎಂದಳು ಶೈಲಾ, ನೆಲ ಒರೆಸುತ್ತ. ಪೈಪು ಕೂರಿಸಿದ ಮೇಲೆ ನಳದಲ್ಲಿ ಮತ್ತೆ ಅದೇ ದಾರ.

ಮೆಕ್ಯಾನಿಕ್ ಖಾದರ್ ಬಂದ. ಮೊದಲು ನೀರು ಸೋಸುವ ಒಳಪೊರೆ, ಮೆಂಬ್ರೇನ್, ಹೋಗಿದೆ ಎಂದು ಅದನ್ನು ಬದಲಿಸಿದ. ಏನೂ ಆಗಲಿಲ್ಲ. ತಲೆ ಕೆರೆದುಕೊಂಡು ಪಂಪಿನ ಮೇಲೆ ಕೈಯಿಟ್ಟ. "ಸರ್, ಪಂಪೇ ಖರಾಬ ಆಗ್ಯಾದ. ನೀರು ನೂಕಾಕ ತಾಕತ್ತೇ ಇಲ್ಲ ಇದಕ್ಕ. ನಂಗೂ ಮೊದಲ ತಿಳೀಲಿಲ್ರಿ" ಎಂದ. ಹೊಸ ಪಂಪು ಕೂರಿಸಿದೊಡನೆ ನೀರು ಧಾರೆಯಾಗಿ ಇಳಿಯಿತು. ನಾನು ತುಂಬಿದ ಗ್ಲಾಸು ಹಿಡಿದು, ಅರ್ಧ ಚೆಲ್ಲುತ್ತ, ಅವ್ವನ ಹತ್ತಿರ ಓಡಿದೆ.

ಮುಂದಿನ ತಿಂಗಳು ಹುಮನಾಬಾದಿನ ಡಾಕ್ಟರ ಹತ್ತಿರ ಹೋದಾಗ ಅವ್ವನ ಹರಳು ಮಾಯವಾಗಿತ್ತು. ನನ್ನ ಕಣ್ಣಲ್ಲಿ ನೀರೇ ಬಂತು. ಆಗ ಅವ್ವ, "ಸಾಹೇಬ್ರ, ಇವಂದೂ ಜರಾ ನೋಡ್ರಿ. ಸೊಂಟ ಹಿಡಕೊಂಡು ಓಡಾಡಾಕತ್ತಾನ" ಎಂದಳು. ಸ್ಕ್ಯಾನ್ ಮಾಡಿ ನೋಡಿದರು. ನನ್ನ ಕಿಡ್ನಿಯಲ್ಲೂ ಒಂದು ಹರಳು!

"ಯಾಕ್ರಿ ಮಾಸ್ತರ, ನೀರು ಕುಡಿಯಾಂಗಿಲ್ಲೇನು?"

ಅವ್ವನೇ ಉತ್ತರಿಸಿದಳು: "ಎಲ್ಲಿ ಕುಡೀತಾನ್ರಿ? ನಂಗ ಕಮ್ಮಿ ಬೀಳ್ತದಂತ ಫಿಲ್ಟರ್ ಕೆಟ್ಟಿದ್ದಷ್ಟು ದಿನಾ ಗ್ಲಾಸೇ ಮುಟ್ಟಿಲ್ಲ."

ತಿರುಗಿ ಬರುವ ಬಸ್ಸಿನಲ್ಲಿ ಅವ್ವ ಚೀಲದಿಂದ ದೊಡ್ಡ ಬಾಟಲಿ ತೆಗೆದು, "ಪೂರಾ ಮುಗಸು" ಎಂದಳು. ಮುಗಿಸಿದೆ. ಇನ್ನೊಂದು ತೆಗೆದಳು. ಅದನ್ನೂ ಮುಗಿಸಿದೆ. ಬಸ್ಸು ಊರು ದಾಟಿ ಹೆದ್ದಾರಿ ಹಿಡಿಯಿತು. ಬಸವಕಲ್ಯಾಣದವರೆಗೆ ಈ ಬಸ್ಸು ನಡುವೆ ಎಲ್ಲಾದರೂ ನಿಲ್ಲುತ್ತದೆಯೇ ಎಂದು ಕಂಡಕ್ಟರನನ್ನು ಕೇಳಿದೆ. ಡೈರೆಕ್ಟ್ ಅಂದ.