ಬೀಡಿಗೆ ಸಿಕ್ಕ ಪದ

ಈ ಪದಗಳ ಪುಸ್ತಕ ನನಗೆ ಬಿದ್ದದ್ದು ಹಾಲು ಕೊಡುವ ಒಂದು ಕರಿ ಮೇಕೆಗೆ. ಅದೂ ಸ್ವಂತ ಅಕ್ಕನ ಹತ್ತಿರ, ಸಾವಿನ ಮನೆಯಲ್ಲಿ! ಬಂಗಾರಪೇಟೆ ಸಂತೆಯಲ್ಲಿ ಹುಣಸೆಹಣ್ಣು ಮಾರಿ ಮೇಲೆ ಬಂದವನು ನಾನು. ಚೌಕಾಸಿ ಮಾಡದೆ ಕೊಂಡ ಸಾಮಾನು ಇದೊಂದೇ.

ಪುಸ್ತಕ ಅಕ್ಕನ ಗಂಡ, ನಮ್ಮ ಭಾವನದು. ಅವರಷ್ಟು ಕಡಿಮೆ ಬರೆದ ಕವಿ ಇನ್ನೊಬ್ಬರಿಲ್ಲ ಎಂದು ಪಣ ಕಟ್ಟಿ ಹೇಳಬಲ್ಲೆ. ನಂದಿದುರ್ಗದ ಚಿನ್ನದ ಗಣಿಯಲ್ಲಿ ಕಲ್ಲು ಕೊರೆಯುವ ಕೆಲಸ. ಮೇಲೆ ಬಂದರೆ ಪದ್ಯ. ಆದರೆ ಒಂದು ಪದ ಎಲ್ಲಿ ಹುಟ್ಟಿತು, ಯಾರು ಕೊಟ್ಟರು ಎಂದು ಬರೆದುಕೊಳ್ಳದೆ ಅದನ್ನು ಪದ್ಯದೊಳಕ್ಕೆ ಬಿಡುತ್ತಿರಲಿಲ್ಲ. ಹೆಣ್ಣು ಕೊಡುವವರೂ ಅಷ್ಟು ವಿಚಾರಿಸುತ್ತಾರೆಯೇ?

ಒಮ್ಮೆ ಸಂತೆಗೆ ಬಂದರು. ಹಣ್ಣು ತೂಗಿ, "ಕೊಸರು ಮಾತ್ರ ಕೇಳ್ಬ್ಯಾಡಿ ಭಾವ" ಎಂದೆ.

"ಕೊಸರು ಬ್ಯಾಡ ಕಣ್ಲಾ. ಆ ಮಾತು ನಿಂಗ್ಯಾರು ಕೊಟ್ರು, ಅದೇಳು."

"ನಮ್ಮವ್ವ."

"ಅವರ್ಗೆ?"

"ಅವರವ್ವ."

"ಅವರ್ಗೆ?"

ಅಷ್ಟರಲ್ಲಿ ಮೂರು ಗಿರಾಕಿ ಪಕ್ಕದ ಅಂಗಡಿಗೆ ಹೋದರು. ಭಾವ ಹಣ್ಣು ಅಲ್ಲೇ ಮರೆತು ರೈಲು ಹತ್ತಿದರು. ಅಂದು ಅಕ್ಕನ ಸಾರಿಗೆ ಹುಳಿಯಿಲ್ಲ; ಪುಸ್ತಕದಲ್ಲಿ ಮಾತ್ರ ನಮ್ಮಜ್ಜಿ ಇದ್ದಳು!

ಗಣಿಯಲ್ಲಿ ಯಾರು ಪದ ಕೊಟ್ಟರೂ ಭಾವನಿಂದ ಒಂದು ಬೀಡಿ. ಜೊತೆಯ ತಮಿಳಿನವನೊಬ್ಬ 'ಜಿಂಗುಲಿ' ಎಂಬ ಪದ ಕೊಟ್ಟ. ದೀಪ ಬಿದ್ದಾಗ ಬಂಡೆಯಲ್ಲಿ ಮಿನುಗುವ ಚುಕ್ಕೆಗೆ ತನ್ನೂರಲ್ಲಿ ಹಾಗೆನ್ನುತ್ತಾರಂತೆ. ಮಾರನೆಯ ದಿನ ಅವನಿಗೇ ನಗು ತಡೆಯಲಾಗಲಿಲ್ಲ.

"ಪೊಯ್ ಅಣ್ಣೇ, ಎಲ್ಲಾ ಸುಳ್ಳು. ನಮ್ಮೂರ್ದಲ್ಲ, ನಾನೇ ಕಟ್ಟಿದ್ದು!"

ಭಾವ ಇನ್ನೊಂದು ಬೀಡಿ ಕೊಟ್ಟರು. "ಉಟ್ಟಿದ್ ಜಾಗ ಇಷ್ಟು ಸರ್ಯಾಗಿ ಗೊತ್ತಿರೋದು ಇದೊಂದೇ ಪದ ಕಣ್ಲಾ!"

ಆ ವಾರವೇ ಕೆಳಗೆ ಬಂಡೆ ಸಿಡಿಯಿತು. ಮೇಲೆ ಗಣಿಯವರ ಲೈನುಮನೆಗಳ ಪಾತ್ರೆಗಳೆಲ್ಲ ಉರುಳಿದವು. ತಮಿಳಿನವನನ್ನು ಮೇಲಕ್ಕೆ ತಂದಾಗ ಮುಖ ಉಳಿದಿರಲಿಲ್ಲ. ಬಿಲ್ಲೆಯ ನಂಬರು ನೋಡಿ ಗುರುತು ಹಿಡಿದರು. ಭಾವ ಊರಿಗಾಂನ ಅವನ ಮನೆಗೆ ಹೋಗಿ, ಹೆಂಡತಿಗೆ 'ಜಿಂಗುಲಿ' ಬರೆದ ಪುಟ ಓದಿದರು. ಆಕೆ ತೊಡೆಯ ಮೇಲಿನ ಕೂಸು ತೋರಿಸಿ, "ಇವಳ್ನ ಅಪ್ಪಡಿ ತಾನ್, ಜಿಂಗುಲೀಂತ ಕೂಗ್ತಿದ್ರು ಅಣ್ಣಾ" ಎಂದಳಂತೆ.

ಭಾವ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು: 'ಹುಟ್ಟಿದ್ದು ಬೀಡಿಗಲ್ಲ, ಮಗಳಿಗೆ. ದೊಡ್ಡವಳಾಗಿ ಕೇಳಿದರೆ ಓದಿ ಹೇಳುವುದು.'

ಅಷ್ಟು ದಿನ ಅವರ ಎದೆ ತಡೆಯಲಿಲ್ಲ. ಕಲ್ಲಿನ ದೂಳು ಕೆಮ್ಮಿಸಿ ಕೆಮ್ಮಿಸಿ ಮುಗಿಸಿತು.

ಹೆಣದ ಜೊತೆ ಇಡಲು ಎಲೆ ಅಡಿಕೆ, ಬೀಡಿ ತಂದ ಅಕ್ಕ ಪುಸ್ತಕವನ್ನೂ ತಂದಳು. "ಇದ್ನೂ ಗುಂಡಿಗೆ ಆಕ್ರಿ. ನನಗಿಂತ ಇದ್ನೇ ಕಟ್ಕೊಂಡಿದ್ರು."

"ನಂಗ್ ಕೊಡಕ್ಕ. ಕರಿ ಮೇಕೆ ತಗೋ."

"ಸಾವಿನ ಮನೇಲೂ ಯಾಪಾರವೇನ್ಲಾ?"

"ಊಂ, ಯಾಪಾರವೇ."

ಸುಮ್ಮನೆ ಕೊಟ್ಟರೆ ಮೇಕೆ ಮುಟ್ಟುವವಳಲ್ಲ ಅವಳು. ಸುಮ್ಮನಿದ್ದರೆ ಆ ಪುಟ ಮಣ್ಣಾಗುತ್ತಿತ್ತು.

ಹೋದ ಸಂತೆಯಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಅಮ್ಮನ ಸೆರಗು ಬಿಟ್ಟು ಮುಂದೆ ಬಂದಳು. ಅಕ್ಕನೇ ಕಳಿಸಿದ್ದಂತೆ. "ಮಾಮಾ, ನಮ್ಮಪ್ಪನ ಪದ ಐತಾ?"

ತಕ್ಕಡಿ ಕೆಳಗಿಟ್ಟು ಓದಿದೆ. ಇನ್ನೊಂದು ಸಲ ಓದಿಸಿಕೊಂಡಳು. ಗಿರಾಕಿಗಳು ಹೋದರು, ಹೋಗಲಿ.

ನಿಮಗೂ ಹೇಳುತ್ತೇನೆ ಕೇಳಿ. ಯಾರದಾದರೂ ಮಾತು ಹಿಡಿಸಿದರೆ ಅಂದೇ ಬರೆದಿಡಿ, ಕೊಟ್ಟವರ ಹೆಸರು ಸಮೇತ. ಪೆನ್ಸಿಲು ಬೇಡ, ಶಾಯಿ ಇರಲಿ. ನಡುವೆ ಬೇವಿನ ಸೊಪ್ಪಿಡಿ, ಹುಳು ಹತ್ತುವುದಿಲ್ಲ. ಕೊಟ್ಟವರು ಗಣಿಯವರಾದರೆ, ಅವರು ಪಾಳಿಗೆ ಇಳಿಯುವ ಮುಂಚೆಯೇ ಕೇಳಿಕೊಳ್ಳಿ.